ಸೋಮವಾರದ ಅರವತ್ತೆಂಟು

"ನಿನ್ನೆ ಬೆಳಗ್ಗೆ ಎದ್ದಾಗಿಂದ ರಾತ್ರಿ ಮಲಗೋ ತನಕ ಏನೇನು ತಿಂದ್ರಿ?"

ಏಳು ವರ್ಷದಿಂದ ತಕ್ಕಡಿಯಕ್ಕನ ಹೊಟ್ಟೆಪಾಡು ನಡೆದಿರುವುದೇ ಈ ಒಂದು ಪ್ರಶ್ನೆಯ ಮೇಲೆ. ಕೇಳುವುದಕ್ಕೆ ಇದೇನು ಮಹಾ ಪ್ರಶ್ನೆ ಅನ್ನಿಸಬಹುದು. ಬಾಗಿಲು ತಟ್ಟಿ, ಗುರುತು ಪರಿಚಯವಿಲ್ಲದ ಹೆಂಗಸನ್ನು ಕೂರಿಸಿಕೊಂಡು ಒಮ್ಮೆ ಕೇಳಿ ನೋಡಿ, ಗೊತ್ತಾಗುತ್ತದೆ. ಒಬ್ಬಳು ನಾಚಿಕೊಳ್ಳುತ್ತಾಳೆ, ಒಬ್ಬಳು ಸಿಡುಕುತ್ತಾಳೆ, ಮತ್ತೊಬ್ಬಳು ಗಂಡ ಮಕ್ಕಳು ತಿಂದದ್ದನ್ನೆಲ್ಲ ಪಟಪಟನೆ ಒಪ್ಪಿಸಿ ತಾನು ತಿಂದದ್ದೇನೆಂದು ನೆನಪಾಗದೆ ಬಾಯಿ ಬಿಟ್ಟುಕೊಂಡು ಕೂರುತ್ತಾಳೆ. "ನಮ್ಮ ಯಜಮಾನ್ರು ಮದುವೆಯಾಗಿ ಇಪ್ಪತ್ತು ವರ್ಷದಲ್ಲಿ ಒಂದು ದಿನ ಇದನ್ನ ಕೇಳಿಲ್ಲ ಕಣಕ್ಕಾ" ಎಂದು ನಕ್ಕವರು ಎಷ್ಟೋ ಮಂದಿ.

ತಕ್ಕಡಿಯಕ್ಕ ಎಂಬ ಹೆಸರು ಅದಕ್ಕೂ ಹಿಂದಿನದು. ಮೊದಲು ಹನ್ನೆರಡು ವರ್ಷ ಅವರು ಆರೋಗ್ಯ ಕೇಂದ್ರದಲ್ಲಿ ಕೂಸುಗಳನ್ನು ತೂಗುತ್ತಿದ್ದರು. ಈಗ ತೂಗುವುದು ಬೇಯಿಸಿದ ಕಾಳನ್ನು, ಹೆಚ್ಚಿದ ಸೊಪ್ಪನ್ನು. ಭುಜಕ್ಕೆ ನೇತುಹಾಕಿದ ಚೀಲದಲ್ಲಿ ಅಂಗೈಯಗಲದ ಅಡುಗೆ ತಕ್ಕಡಿ, ಒಂದು ಲೋಟ, ಒಂದು ಊಟದ ಚಮಚ, ಫಾರಮ್ಮುಗಳ ಕಟ್ಟು. ಫಾರಮ್ಮಿನ ಮೊದಲ ಪುಟದಲ್ಲಿ ಗುರುತು ಹಾಕಲು ಹತ್ತು ಚೌಕಗಳು: ಅನ್ನ ರೊಟ್ಟಿ ಆಲೂಗಡ್ಡೆಗೆ ಒಂದು, ಬೇಳೆಕಾಳಿಗೆ ಒಂದು, ಕಡಲೆಬೀಜದಂಥ ಬೀಜಗಳಿಗೆ ಒಂದು, ಹಾಲು ಮೊಸರು, ಮೀನು ಮಾಂಸ, ಮೊಟ್ಟೆ, ಹಸಿರು ಸೊಪ್ಪು, ಕಿತ್ತಳೆ ಬಣ್ಣದ ಹಣ್ಣು ತರಕಾರಿ, ಬೇರೆ ತರಕಾರಿ, ಬೇರೆ ಹಣ್ಣು. ಹತ್ತರಲ್ಲಿ ಐದಕ್ಕಾದರೂ ಗುರುತು ಬಿದ್ದರೆ ಆ ಹೆಂಗಸು ಆ ದಿನದ ಮಟ್ಟಿಗೆ ಪಾಸು. ಎರಡನೇ ಪುಟದಲ್ಲಿ ಒಂದೇ ಪ್ರಶ್ನೆ: ಏನನ್ನು ಬಿಸಾಡಿದಿರಿ, ಎಷ್ಟು?

ಹದಿನೈದು ಗ್ರಾಮಿಗಿಂತ ಕಡಿಮೆ ತಿಂದದ್ದಕ್ಕೆ ಗುರುತು ಹಾಕುವಂತಿಲ್ಲ. ಈ ವಿಷಯದಲ್ಲಿ ತಕ್ಕಡಿಯಕ್ಕ ಕಡುನಿಷ್ಠುರಿ. ಮೇಲೆ ಉದುರಿಸಿದ ಎರಡು ಎಸಳು ಕೊತ್ತಂಬರಿಯನ್ನು ಸೊಪ್ಪು ಎಂದು ಬರೆದುಕೊಂಡು ಬಂದವರಿಗೆ ಅವರ ಬಾಯಲ್ಲಿ ಸರಿಯಾಗಿ ಮಂಗಳಾರತಿಯಾಗುತ್ತಿತ್ತು. ಸಿಟ್ಟು ಮೂಗಿನ ತುದಿಯಲ್ಲೇ ಇದ್ದರೂ ಕೆಲಸದಲ್ಲಿ ಬೆಣ್ಣೆಯಿಂದ ಕೂದಲು ತೆಗೆದಷ್ಟು ನಯ. ಏಳು ವರ್ಷದಲ್ಲಿ ಅವರ ಸಹಿ ಇದ್ದ ಒಂದು ಫಾರಮ್ಮೂ ಮೇಲಿನಿಂದ ವಾಪಸು ಬಂದಿರಲಿಲ್ಲ. ಅದರ ಬಗ್ಗೆ ಅವರಿಗೆ ಜಂಭವೂ ಇತ್ತು, ಇರಲಿ ಬಿಡಿ, ದುಡಿದು ಗಳಿಸಿದ ಜಂಭ.

ಈ ಹತ್ತು ಚೌಕಗಳ ಫಾರಮ್ಮು ಅವರ ಊರೊಂದರದ್ದಲ್ಲ. ಅವರು ಕಣ್ಣಾರೆ ಕಾಣದ ಎಷ್ಟೋ ದೇಶಗಳಲ್ಲಿ ಇದೇ ಪ್ರಶ್ನೆಯನ್ನು ಇದೇ ಹೊತ್ತಿನಲ್ಲಿ ಯಾರೋ ಯಾರನ್ನೋ ಕೇಳುತ್ತಿರುತ್ತಾರೆ. ಜನ ಸರಿಯಾಗಿ ತಿನ್ನುತ್ತಿದ್ದಾರೆಯೇ, ಬೆಳೆದದ್ದು ಹೊಟ್ಟೆಗೆ ಹೋಗುತ್ತಿದೆಯೋ ತಿಪ್ಪೆಗೋ, ಮೂರು ವರ್ಷದ ಹಿಂದಕ್ಕಿಂತ ಈಗ ವಾಸಿಯೋ ಅಲ್ಲವೋ ಎಂದು ಲೋಕಕ್ಕೆಲ್ಲ ಸೇರಿ ಒಂದು ದೊಡ್ಡ ಪಟ್ಟಿ ತಯಾರಾಗುತ್ತದೆ. ತರಬೇತಿಯ ಕೋಣೆಯಲ್ಲಿ ಆ ಪಟ್ಟಿಯನ್ನು ಕೆಂಪು ಹಸಿರು ಚುಕ್ಕೆಗಳಲ್ಲಿ ಗೋಡೆಯ ಮೇಲೆ ತೋರಿಸಿದ್ದರು. ಎಲ್ಲರೂ ಬಣ್ಣಗಳನ್ನು ನೋಡುತ್ತಿದ್ದಾಗ ತಕ್ಕಡಿಯಕ್ಕ ಯೋಚಿಸಿದ್ದು ಒಂದೇ: ಇಷ್ಟು ದೊಡ್ಡ ಲೆಕ್ಕವೆಲ್ಲ ಕೊನೆಗೆ ಬಂದು ನಿಲ್ಲುವುದು ಒಂದು ಅಡುಗೆಮನೆಯ ಬಾಗಿಲಲ್ಲಿ, ಅಲ್ಲಿ ನಿಂತಿರುವುದು ನಾನು.

ಗುಡ್ಡದ ಬಡಾವಣೆಯಲ್ಲಿ ಮೊದಲ ಸುತ್ತಿನ ಸಮೀಕ್ಷೆ ನಡೆದದ್ದು ಮೂರು ವರ್ಷದ ಹಿಂದೆ. ನೂರಕ್ಕೆ ನಲವತ್ತೊಂದು ಹೆಂಗಸರು ಪಾಸಾಗಿದ್ದರು. ಅದಾದ ಮೇಲೆ ಪುರಸಭೆಯವರು ಆ ಬಡಾವಣೆಗೆ ಒಂದು ತರಕಾರಿ ವ್ಯಾನು ಬಿಟ್ಟರು. ಸಂತೆ ಕೆಳಗಿನ ಬಯಲಿನಲ್ಲಿ, ಭಾನುವಾರ. ಹತ್ತಿ ಇಳಿಯಲಾಗದವರಿಗೆ ಅನುಕೂಲವಾಗಲಿ ಎಂದು ವ್ಯಾನು ಸಂತೆಯಲ್ಲೇ ಸರಕು ತುಂಬಿಕೊಂಡು ಅಂದೇ ಸಂಜೆ ಗುಡ್ಡ ಹತ್ತುತ್ತಿತ್ತು. ಎರಡನೇ ಸುತ್ತಿನ ಗುರಿ ನೂರಕ್ಕೆ ಅರವತ್ತು.

ಎರಡನೇ ಸುತ್ತಿನ ಯೋಜನೆ ಪೂರ್ತಿ ತಕ್ಕಡಿಯಕ್ಕನದ್ದೇ. ಮೊದಲ ಸಲ ಯಾವ ಯಾವ ದಿನವೋ ಹೋಗಿ ಬೀಗ ಹಾಕಿದ ಬಾಗಿಲು ನೋಡಿಕೊಂಡು ಬಂದದ್ದೇ ಬಂದದ್ದು, ಸುತ್ತಿ ಸುತ್ತಿ ಕಾಲು ಬಿದ್ದುಹೋಗಿದ್ದವು. ಬಡಾವಣೆಯ ಮುಕ್ಕಾಲು ಪಾಲು ಹೆಂಗಸರು ಬಟ್ಟೆ ಫ್ಯಾಕ್ಟರಿಯಲ್ಲಿ ಹೊಲಿಯುವವರು, ಅವರಿಗೆ ವಾರದ ರಜೆ ಸೋಮವಾರ. ಅಂದಮೇಲೆ ಸೋಮವಾರವೇ ಹೋದರಾಯಿತಲ್ಲ! ಐವರು ಸಮೀಕ್ಷಕರು, ತಲೆಗೆ ಹತ್ತು ಮನೆ, ಎಂಟು ಸೋಮವಾರ. ನಾನ್ನೂರು ಫಾರಮ್ಮುಗಳು ನೀರು ಕುಡಿದಷ್ಟು ಸಲೀಸಾಗಿ ತುಂಬಿದವು. ಒಂದು ಬಾಗಿಲೂ ಮುಚ್ಚಿರಲಿಲ್ಲ, ಒಬ್ಬಳೂ ಮುಖ ಗಂಟಿಕ್ಕಲಿಲ್ಲ. ಕೂಡಿ ನೋಡಿದಾಗ ಬಂದದ್ದು ನೂರಕ್ಕೆ ಅರವತ್ತೆಂಟು.

ಮೇಲ್ವಿಚಾರಕರ ಕಾಲು ಆ ದಿನ ನೆಲಕ್ಕೆ ತಾಗಲಿಲ್ಲ. ಏನು ಕೇಳಿದರೂ "ಸರಾಸರಿ ನೋಡಿದ್ರೆ" ಎಂದು ಮಾತು ಶುರು ಮಾಡುತ್ತಿದ್ದ ಅವರನ್ನು ಆಫೀಸಿನಲ್ಲಿ ಎಲ್ಲರೂ ಬೆನ್ನ ಹಿಂದೆ ಸರಾಸರಿ ಸಾರ್ ಎನ್ನುತ್ತಿದ್ದರು. ಕೆಟ್ಟವರೇನಲ್ಲ, ಹೆದರಿಕೆಯ ಜೀವ. "ಇದು ನಿಮ್ಮ ಅಂಕಿ ಅಕ್ಕಾ. ಪುರಸಭೆ ಸಭೇಲಿ ನೀವೇ ಓದಬೇಕು" ಎಂದರು. ತಕ್ಕಡಿಯಕ್ಕ ಬೇಡವೆನ್ನಲಿಲ್ಲ.

ಸಭೆಗೆ ಎರಡು ವಾರವಿದ್ದಾಗ, ಒಂದು ಫಾರಮ್ಮಿನಲ್ಲಿ ವಯಸ್ಸು ಬರೆದಿಲ್ಲವೆಂದು ಕಂಡಿತು. ಫ್ಯಾಕ್ಟರಿಯಲ್ಲಿ ಅಂಗಿಗೆ ಗುಂಡಿ ಹಾಕುವ ವಿಭಾಗದಲ್ಲಿ ಕೆಲಸ ಮಾಡುವ ಹೆಂಗಸಿನ ಫಾರಮ್ಮು. ಅವಳು ಕಾಲು ಉಳುಕಿಸಿಕೊಂಡು ಮನೆಯಲ್ಲೇ ಇದ್ದಾಳೆಂದು ಗೊತ್ತಾಗಿ ತಕ್ಕಡಿಯಕ್ಕ ಒಂದು ಗುರುವಾರ ಬೆಳಗ್ಗೆ ಗುಡ್ಡ ಹತ್ತಿದರು. ವಯಸ್ಸು ಬರೆದುಕೊಂಡದ್ದಾಯಿತು. ಏಳುವಾಗ ಒಲೆಯ ಪಕ್ಕದ ತರಕಾರಿ ಬುಟ್ಟಿಯ ಮೇಲೆ ಕಣ್ಣು ಬಿತ್ತು: ಎರಡು ಈರುಳ್ಳಿ, ಒಣಗಿದ ಒಂದು ನಿಂಬೆಹಣ್ಣು. ಕೈಯಲ್ಲಿದ್ದ ಫಾರಮ್ಮಿನಲ್ಲಿ ಇವಳಿಗೆ ಹತ್ತರಲ್ಲಿ ಏಳು ಗುರುತು.

"ನಿನ್ನೆ ಏನು ತಿಂದೆಯಮ್ಮಾ?" ಎಂದರು, ಬಾಯಿಯ ಅಭ್ಯಾಸಕ್ಕೆ.

"ಬ್ರೆಡ್ಡು, ಆಲೂಗಡ್ಡೆ. ಟೀ."

"ಮತ್ತೆ ಅವತ್ತು ಸೊಪ್ಪು, ಕ್ಯಾರೆಟ್ಟು, ಮೀನು, ಬಾಳೆಹಣ್ಣು ಎಲ್ಲಾ ಹೇಳಿದ್ದೆ?"

ಅವಳು ಉಳುಕಿದ ಕಾಲನ್ನು ಸ್ಟೂಲಿನ ಮೇಲೆ ಸರಿಮಾಡಿಕೊಂಡು ನಕ್ಕಳು. "ಸುಳ್ಳು ಹೇಳಿಲ್ಲಕ್ಕ. ನೀವು ಬಂದಿದ್ದು ಸೋಮವಾರ. ನಿನ್ನೆ ಅಂದ್ರೆ ಸಂತೆ ದಿನ. ಸಂತೆ ದಿನ ಯಾರು ತಾನೇ ತಿನ್ನಲ್ಲ? ಬುಧವಾರದ್ದು ಕೇಳಿದ್ರೆ ನಾನಾದ್ರೂ ಎಲ್ಲಿಂದ ತರಲಿ?"

ತಕ್ಕಡಿಯಕ್ಕ ಫಾರಮ್ಮನ್ನು ಚೀಲಕ್ಕೆ ತುರುಕಿದರು. ಹೊರಗೆ ಬಂದವರು ಮೆಟ್ಟಿಲ ಮೇಲೆ ಕುಕ್ಕರಿಸಿದರು. ನಾನ್ನೂರು ಮನೆ, ಎಂಟು ಸೋಮವಾರ. ಅಷ್ಟೂ ಹೆಂಗಸರನ್ನು ಕೇಳಿದ್ದು ಭಾನುವಾರದ ಊಟವನ್ನು. ಫ್ಯಾಕ್ಟರಿ ರಜೆ ಎಂದು ಸೋಮವಾರ ಹುಡುಕಿದ್ದು ಯಾರು? ತಾನೇ. ಹದಿನೈದು ಗ್ರಾಮಿಗೆ ಜಗಳವಾಡುವವಳು ವಾರದ ಆರು ದಿನವನ್ನೇ ಫಾರಮ್ಮಿನಿಂದ ಬೀಳಿಸಿಬಿಟ್ಟಿದ್ದೆನಲ್ಲ ಎಂದು ನಾಚಿಕೆಯಾಯಿತು, ಅದರ ಹಿಂದೆಯೇ ತನ್ನ ಮೇಲೆ ಸಿಟ್ಟೂ ಬಂತು. ಸಿಟ್ಟು ಬಂದ ಮೇಲೆ ಅವರಿಗೆ ಕೂರಲಾಗುವುದಿಲ್ಲ. ಎದ್ದರು.

ಮರುದಿನ ಸರಾಸರಿ ಸಾರ್ ಮುಂದೆ ನಿಂತರು.

"ಸಾರ್, ನಮ್ಮ ಅರವತ್ತೆಂಟು ತಪ್ಪು."

"ಕೂಡೋದ್ರಲ್ಲಿ ತಪ್ಪಾಗಿದ್ಯಾ?"

"ಕೂಡಿದ್ದು ಸರಿ. ಕೇಳಿದ್ದು ತಪ್ಪು. ಎಲ್ಲರನ್ನೂ ಸೋಮವಾರವೇ ಕೇಳಿದೀವಿ. ಸೋಮವಾರದ ನಿನ್ನೆ ಅಂದ್ರೆ ಸಂತೆ."

ಅವರಿಗೆ ಅರ್ಥವಾಯಿತು. ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಸರಾಸರಿ ನೋಡಿದ್ರೆ..."

"ಸರಾಸರಿ ನೋಡೋಕೆ ಉಳಿದ ದಿನಗಳು ಎಲ್ಲಿವೆ ಸಾರ್? ನಾವು ನೋಡಿರೋದೇ ಒಂದು ದಿನ."

"ಇದು ಇನ್ಯಾರಿಗೆ ಗೊತ್ತು?"

"ನನಗೆ ಗೊತ್ತಲ್ಲ."

ಅವರು ದನಿ ತಗ್ಗಿಸಿದರು. "ಅಕ್ಕಾ, ನನ್ನ ಮಾತು ಕೇಳಿ. ಸಭೆಯಲ್ಲಿ ಆ ವ್ಯಾನ್ ಇರ್ಬೇಕೋ ಬೇಡ್ವೋ ಅಂತ ತೀರ್ಮಾನ ಆಗೋದು ಈ ಅಂಕಿ ನೋಡಿಯೇ. ಇಳಿದಿದೆ ಅಂದ್ರೆ, ವ್ಯಾನ್‌ನಿಂದ ಏನೂ ಉಪಯೋಗ ಆಗಿಲ್ಲ ಅಂತ ನಿಲ್ಲಿಸಿಬಿಡ್ತಾರೆ. ನೀವು ಸತ್ಯ ಹೇಳೋಕೆ ಹೋಗಿ ಆ ಹೆಂಗಸರ ಭಾನುವಾರದ ಊಟಾನೂ ಕಿತ್ಕೊಂಡ ಹಾಗಾಗುತ್ತೆ. ಯೋಚನೆ ಮಾಡಿ."

ತಕ್ಕಡಿಯಕ್ಕ ಯೋಚನೆ ಮಾಡಿದರು. ಆಫೀಸಿನಿಂದ ಗುಡ್ಡದ ಮೇಲಿನ ತಮ್ಮ ಮನೆಗೆ, ಹೌದು, ಅವರ ಮನೆಯೂ ಅದೇ ಬಡಾವಣೆಯಲ್ಲಿ, ನಡೆದುಕೊಂಡು ಹೋಗುವಷ್ಟೂ ಹೊತ್ತು ಯೋಚನೆ ಮಾಡಿದರು. ಸಾರ್ ಹೇಳಿದ್ದು ಸುಳ್ಳಲ್ಲ. ಆದರೆ ಅರವತ್ತೆಂಟು ಎಂದು ಓದಿಬಿಟ್ಟರೆ ಏನಾಗುತ್ತದೆ? ಗುರಿ ಮುಟ್ಟಿತು ಎಂದು ಚಪ್ಪಾಳೆ ಬೀಳುತ್ತದೆ, ಲೋಕದ ಪಟ್ಟಿಯಲ್ಲಿ ಒಂದು ಚುಕ್ಕೆ ಹಸಿರಾಗುತ್ತದೆ, ಇನ್ನು ಮೂರು ವರ್ಷ ಯಾರೂ ಈ ಕಡೆ ತಲೆ ಹಾಕುವುದಿಲ್ಲ. ಮೂರು ವರ್ಷದ ಬುಧವಾರಗಳು! ಎಲ್ಲಾ ಚೆನ್ನಾಗಿದೆ ಎಂದು ಬರೆದಾದ ಮೇಲೆ ಚೆನ್ನಾಗಿಲ್ಲ ಎಂದು ಹೇಳಲು ಆ ಹೆಂಗಸರಿಗೆ ಬಾಯಿಯೇ ಇರುವುದಿಲ್ಲ. ಇಲ್ಲ, ಮತ್ತೆ ಅಳೆಯಬೇಕು ಎಂದು ಮನೆಯ ತಿರುವಿಗೆ ಬರುವಷ್ಟರಲ್ಲಿ ನಿರ್ಧಾರವಾಗಿತ್ತು.

ಶನಿವಾರ ಅದನ್ನು ಹೇಳಿದಾಗ ಸಾರ್ ಹ್ಞೂಂ ಎನ್ನಲೂ ಇಲ್ಲ, ಉಹ್ಞೂಂ ಎನ್ನಲೂ ಇಲ್ಲ. "ನಿಮಗೆ ಒಂದು ವಾರ ರಜೆ ಬೇಕಿತ್ತು ಅಂತ ಬರ್ಕೊಳ್ತೀನಿ" ಎಂದರು. ಅಷ್ಟು ಸಾಕಿತ್ತು. ಸಮೀಕ್ಷಕರಲ್ಲಿ ಒಬ್ಬರು ಮೊದಲು ಬಸ್ಸಿನಲ್ಲಿ ಕಂಡಕ್ಟರಾಗಿದ್ದವರು. ಈಗಲೂ ಪೆನ್ಸಿಲು ಕಿವಿಗೆ ಸಿಕ್ಕಿಸಿಕೊಂಡೇ ಓಡಾಟ, ಉತ್ತರ ತಡವಾದರೆ "ಮುಂದೆ, ಮುಂದೆ ಹೋಗಿ" ಎಂದುಬಿಡುವ ಚಾಳಿ. ಅವರು ಕೇಳದೆಯೇ ಜೊತೆಗೆ ಬಂದರು. "ನಾನೂ ಎಂಟು ಸೋಮವಾರ ಹೋಗಿದ್ದೆ ಅಕ್ಕಾ, ಪಾಪದಲ್ಲಿ ನನಗೂ ಪಾಲು ಕೊಡಿ" ಎಂದರು. ಬಡಾವಣೆಯ ಒಂಬೈನೂರ ಚಿಲ್ಲರೆ ಮನೆಗಳ ನಂಬರನ್ನು ಚೀಟಿ ಕತ್ತರಿಸಿ, ಮಡಚಿ, ಬಕೆಟ್ಟಿಗೆ ಹಾಕಲು ಇಬ್ಬರಿಗೂ ಮಧ್ಯಾಹ್ನವೆಲ್ಲ ಹಿಡಿಯಿತು. ಕಣ್ಣು ಮುಚ್ಚಿಕೊಂಡು ಎಪ್ಪತ್ತು ಚೀಟಿ ಎತ್ತಬೇಕು, ಏಳು ದಿನಕ್ಕೆ, ದಿನಕ್ಕೆ ಹತ್ತರಂತೆ.

ಶುಕ್ರವಾರದ ಹತ್ತು ಚೀಟಿಗಳಲ್ಲಿ ಆರನೆಯದನ್ನು ಬಿಡಿಸಿದ ಕಂಡಕ್ಟರು ಅದನ್ನು ಮತ್ತೆ ಮಡಚಿದರು.

"ಏನದು?"

"ನಿಮ್ಮನೆ ನಂಬರು ಅಕ್ಕಾ. ವಾಪಸ್ ಹಾಕಿ ಇನ್ನೊಂದು ಎತ್ತಲಾ?"

"ಬಿದ್ದ ಚೀಟಿ ವಾಪಸ್ ಹಾಕೋ ಹಾಗಿಲ್ಲ. ನೀವೇ ಹೋಗಿ ಕೇಳಿ, ನಾನು ಆಚೆ ಇರ್ತೀನಿ" ಎಂದರು ತಕ್ಕಡಿಯಕ್ಕ. ತಮ್ಮ ಮನೆಯ ಬಗ್ಗೆ ಅವರಿಗೆ ಯಾವ ಅಳುಕೂ ಇರಲಿಲ್ಲ. ಮಗನಿಗೆ ನೀರು ಸರಬರಾಜಿನಲ್ಲಿ ಪಂಪು ನಡೆಸುವ ಕೆಲಸ, ತಮ್ಮದೊಂದು ಸಂಬಳ, ಮನೆಯಲ್ಲಿ ಉಪವಾಸ ಬೀಳುವವರು ಯಾರು? ಸೊಸೆ ಎಂಟು ತಿಂಗಳ ಕೂಸಿನ ತಾಯಿ, ಫ್ಯಾಕ್ಟರಿಗೆ ರಜೆ ಹಾಕಿ ಮನೆಯಲ್ಲೇ ಇದ್ದಳು, ಕೈರುಚಿ ಚೆನ್ನಾಗಿದ್ದವಳು. ಅವಳಿಗೆ ಆರಕ್ಕಿಂತ ಕಡಿಮೆ ಬರುವುದಿಲ್ಲ ಎಂದೇ ಎಣಿಸಿದ್ದರು.

ಸೋಮವಾರದಿಂದ ಇಬ್ಬರೂ ಕಾಲಿಗೆ ಚಕ್ರ ಕಟ್ಟಿಕೊಂಡವರಂತೆ ತಿರುಗಿದರು. ಶಿಫ್ಟಿಗೆ ಹೊರಡುವ ಮುಂಚೆ ಬೆಳಗ್ಗೆ ಆರಕ್ಕೆ ಕೆಲವು ಮನೆ, ಸಂಜೆ ಕೆಲವು. ಸೋಮವಾರ ಹತ್ತರಲ್ಲಿ ಏಳು ಜನ ಪಾಸು. ಮಂಗಳವಾರ ಆರು. ಬುಧವಾರ ಐದು, ಗುರುವಾರ ನಾಲ್ಕು. ಅಂಕಿ ಮೆಟ್ಟಿಲು ಇಳಿದ ಹಾಗೆ ಇಳಿಯುತ್ತಿತ್ತು.

ಇಷ್ಟು ದಿನ ಯಾರೂ ಕಣ್ಣೆತ್ತಿ ನೋಡದ ಎರಡನೇ ಪುಟದಲ್ಲಿ ಇನ್ನೊಂದು ಸಂಗತಿ ಸಿಕ್ಕಿತು. ಬುಧವಾರ ಗುರುವಾರಗಳಲ್ಲಿ ಮನೆಗಳ ಕಸದ ಬುಟ್ಟಿಯಲ್ಲಿ ಕೊಳೆತ ಸೊಪ್ಪು, ಮೆತ್ತಗಾದ ಟೊಮೇಟೊ, ಕಪ್ಪಾದ ಬಾಳೆಹಣ್ಣು. ತಕ್ಕಡಿಯಕ್ಕ ಮೂಗು ಮುಚ್ಚಿಕೊಂಡು ಅದನ್ನೂ ತೂಗಿದರು. ಎರಡು ದಿನದ ಇಪ್ಪತ್ತು ಮನೆಗಳಲ್ಲಿ ಹನ್ನೊಂದು ಕಿಲೋ. ತಗಡಿನ ಮಾಡಿನ ಮನೆಗಳು, ಮುಕ್ಕಾಲು ಮನೆಗಳಲ್ಲಿ ಫ್ರಿಜ್ಜಿಲ್ಲ, ಇದ್ದ ಕಡೆ ಕರೆಂಟಿಲ್ಲ. ಸಂತೆ ಭಾನುವಾರ, ವ್ಯಾನೂ ಭಾನುವಾರ. ವಾರಕ್ಕೆಲ್ಲ ಆಗಲೆಂದು ಒಂದೇ ದಿನ ತುಂಬಿಸಿಟ್ಟದ್ದು ಮೂರನೇ ದಿನ ಕೊಳೆಯುತ್ತಿತ್ತು, ನಾಲ್ಕನೇ ದಿನ ತಟ್ಟೆ ಖಾಲಿ. ಗುರುವಾರ ಹೊಟ್ಟೆಗೆ ಹೋಗಬೇಕಾದದ್ದು ಬುಧವಾರ ಕಸಕ್ಕೆ ಹೋಗುತ್ತಿತ್ತು. ಅಯ್ಯೋ ದೇವರೇ, ಇಷ್ಟು ಸರಳವಾದದ್ದು ಯಾರ ತಲೆಗೂ ಹೊಳೆಯಲಿಲ್ಲವಲ್ಲ ಎಂದು ಅವರಿಗೆ ನಗುವುದೋ ಅಳುವುದೋ ತಿಳಿಯಲಿಲ್ಲ.

ಶುಕ್ರವಾರ ಸಂಜೆ ಕಂಡಕ್ಟರು ಅವರ ಮನೆಯೊಳಗೆ ಹೋದಾಗ ತಕ್ಕಡಿಯಕ್ಕ ಪಕ್ಕದ ಕಟ್ಟಡದ ಜಗಲಿಯಲ್ಲಿ ಕೂತಿದ್ದರು. ಹೊರಗೆ ಬಂದವರು ಫಾರಮ್ಮುಗಳ ಕಟ್ಟನ್ನು ಎದೆಗೆ ಅವಚಿಕೊಂಡಿದ್ದರು.

"ಇದೊಂದನ್ನ ಸಾರ್ ಹತ್ರಾನೇ ಚೆಕ್ ಮಾಡಿಸ್ತೀನಿ ಅಕ್ಕಾ."

"ನನ್ನ ಸಹಿ ಇಲ್ದೆ ಒಂದು ಫಾರಮ್ಮೂ ಹೋಗಲ್ಲ. ಕೊಡಿ ಇಲ್ಲಿ."

ಕೊಟ್ಟರು. ಹತ್ತು ಚೌಕಗಳಲ್ಲಿ ಗುರುತು ಬಿದ್ದದ್ದು ಎರಡಕ್ಕೆ: ಬ್ರೆಡ್ಡು ಆಲೂಗಡ್ಡೆ, ಬೇಳೆ. ಟೀಗೆ ಹಾಕಿದ ಹಾಲು ಎರಡು ಚಮಚ ಎಂದು ಬರೆದು, ಲೆಕ್ಕಕ್ಕಿಲ್ಲ ಎಂದು ಅಡ್ಡಗೀಟು ಎಳೆದಿತ್ತು. ತಕ್ಕಡಿಯಕ್ಕ ಎರಡೆರಡು ಸಲ ಮನೆಯ ನಂಬರು ನೋಡಿದರು. ನಿನ್ನೆ ತಾವು ತಿಂದದ್ದು ಅವರಿಗೆ ನೆನಪಿತ್ತು. ಬ್ರೆಡ್ಡು, ಮೊಟ್ಟೆ, ಸೊಪ್ಪು, ಕ್ಯಾರೆಟ್ಟು, ಒಂದು ಬಟ್ಟಲು ಮೊಸರು. ಒಂದೇ ಒಲೆ, ಒಂದೇ ಪಾತ್ರೆ.

ಒಳಗೆ ಸೊಸೆ ಕೂಸಿನ ಬಟ್ಟೆಗಳನ್ನು ಮಡಚುತ್ತ ಕೂತಿದ್ದಳು.

"ನಿನ್ನೆ ಮೊಟ್ಟೆ ಇತ್ತಲ್ಲಮ್ಮಾ?"

"ಮೂರಿತ್ತು ಅತ್ತೆ. ನಿಮಗೊಂದು, ಅವರಿಗೊಂದು, ಮಗೂಗೊಂದು."

"ಸೊಪ್ಪು?"

"ಒಂದು ಹಿಡಿ ಉಳಿದಿತ್ತು. ನಿಮ್ಮ ಡಬ್ಬಿಗೆ ಹಾಕಿದೆ. ದಿನಾ ಪೂರ್ತಿ ಗುಡ್ಡ ಹತ್ತಿ ಇಳಿಯೋರು ನೀವು."

"ಮೊಸರಾದ್ರೂ..."

"ಬಿಡಿ ಅತ್ತೆ. ಭಾನುವಾರ ಬಂದ್ರೆ ಎಲ್ಲಾ ಬರುತ್ತೆ."

"ಹಾಲು ಕುಡಿಸೋ ತಾಯಿ ನೀನು! ಇಷ್ಟು ದಿನ ನನಗೆ ಯಾಕೆ ಹೇಳಲಿಲ್ಲ?" ದನಿ ಜೋರಾಯಿತು. ಯಾರ ಮೇಲಿನ ಸಿಟ್ಟೋ ಯಾರ ಮೇಲೋ ಬಿತ್ತು.

ಸೊಸೆ ಮಡಚಿದ ಅಂಗಿಯನ್ನು ಮೊಣಕಾಲ ಮೇಲೆ ಇಟ್ಟುಕೊಂಡಳು. ಅವಳ ಮಾತಿನಲ್ಲಿ ದೂರು ಇರಲಿಲ್ಲ. "ನೀವು ಕೇಳಲಿಲ್ಲ ಅತ್ತೆ."

ತಕ್ಕಡಿಯಕ್ಕ ಏಳು ವರ್ಷದಲ್ಲಿ ಎಷ್ಟು ಸಾವಿರ ಹೆಂಗಸರನ್ನು ಕೇಳಿದ್ದರೋ! ಕಣ್ಣಲ್ಲಿ ನೀರು ತುಂಬಿಕೊಂಡಿತು. ಕೂಸು ಎದ್ದು ಅಳತೊಡಗಿದ್ದರಿಂದ ಇಬ್ಬರಿಗೂ ಅನುಕೂಲವೇ ಆಯಿತು. ಅವರು ಕೂಸನ್ನು ಎತ್ತಿಕೊಂಡು, ಬಾಗಿಲಲ್ಲಿ ನಿಂತಿದ್ದ ಕಂಡಕ್ಟರ ಪೆನ್ನು ತೆಗೆದುಕೊಂಡು, ಆ ಫಾರಮ್ಮಿಗೆ ಸಹಿ ಹಾಕಿದರು.

ಭಾನುವಾರಕ್ಕೆ ಲೆಕ್ಕ ಮುಗಿಯಿತು. ಶುಕ್ರವಾರ ಮೂವರು, ಶನಿವಾರ ಮೂವರು, ಭಾನುವಾರ ಇಬ್ಬರು ಪಾಸು. ಎಪ್ಪತ್ತರಲ್ಲಿ ಮೂವತ್ತು, ನೂರಕ್ಕೆ ನಲವತ್ಮೂರು. ಮೂರು ವರ್ಷದ ಹಿಂದೆ ನಲವತ್ತೊಂದು. ಮುಂದೆ ಬಂದದ್ದು ಎರಡೇ ಹೆಜ್ಜೆ.

ಸಭೆಯ ಹಿಂದಿನ ದಿನ ತಕ್ಕಡಿಯಕ್ಕ ಸೊಸೆಯ ಹತ್ತಿರ ಬಂದು ಕೂತರು. "ಫಾರಮ್ಮಿನಲ್ಲಿ ಇರೋದನ್ನ ಯಾರದ್ದು ಅಂತ ಹೇಳೋ ಹಾಗಿಲ್ಲ. ಆದ್ರೆ ನಾಳೆ ಅವರು ನಂಬದೆ ಹೋದ್ರೆ, ನನ್ನ ಮನೇದು ಅಂತ ಹೇಳಬೇಕಾಗಬಹುದು. ನೀನು ಬೇಡ ಅಂದ್ರೆ ಬೇಡ."

ಸೊಸೆ ಯೋಚಿಸಿದಳು. "ಹೇಳಿ. ಆದ್ರೆ ನಮ್ಮನೇಲಿ ನನ್ನನ್ನ ಉಪವಾಸ ಕೆಡವಿದಾರೆ ಅನ್ನೋ ಥರ ಹೇಳಬೇಡಿ ಅತ್ತೆ. ಯಾರೂ ಕೆಡವಿಲ್ಲ. ಇದ್ದಿದ್ದು ಅಷ್ಟೇ, ಬಡಿಸೋಳು ನಾನು."

ಪುರಸಭೆಯ ಸಭಾಂಗಣದಲ್ಲಿ ಮೂವತ್ತು ಜನ ಇದ್ದರು. ಅಧ್ಯಕ್ಷೆ ನಡುವಿನ ಕುರ್ಚಿಯಲ್ಲಿ, ಎದುರಿಗೆ ನೀರಿನ ಬಾಟಲಿ, ಬಿಸ್ಕತ್ತಿನ ತಟ್ಟೆ. ಗೋಡೆಯ ಮೇಲಿನ ಪರದೆಯಲ್ಲಿ ಅರವತ್ತೆಂಟು ಎಂದು ದೊಡ್ಡದಾಗಿ ಬರೆದಿದ್ದ ಚಿತ್ರ ಆಗಲೇ ಬೆಳಗುತ್ತಿತ್ತು. ಸರಾಸರಿ ಸಾರ್ ಕೊನೆಯ ಗಳಿಗೆಯವರೆಗೆ ಅದನ್ನು ತೆಗೆಸುವ ಧೈರ್ಯ ಮಾಡಿರಲಿಲ್ಲ. ತಕ್ಕಡಿಯಕ್ಕ ಎದ್ದು ನಿಂತು, ಕಾಗದ ನೋಡದೆ ಹೇಳಿದರು.

"ಈ ಅಂಕಿ ತಪ್ಪು ಮೇಡಂ. ತಪ್ಪು ಮಾಡಿದ್ದು ನಾನು. ನಿಜವಾದದ್ದು ನಲವತ್ಮೂರು."

ಸೋಮವಾರದ ಕಥೆ ಹೇಳಿದರು, ಏಳು ದಿನದ ಏಳು ಅಂಕಿ, ಎರಡೇ ಥರ ತಿಂದು ದಿನ ಕಳೆದ ಮನೆಗಳ ಸಂಗತಿ ಹೇಳಿದರು, ಹನ್ನೊಂದು ಕಿಲೋ ಕೊಳೆತ ತರಕಾರಿಯ ಲೆಕ್ಕ ಹೇಳಿದರು. ಎಲ್ಲಿಯೂ ಅಡ್ಡಗೋಡೆಯ ಮೇಲೆ ದೀಪ ಇಡಲಿಲ್ಲ. ಸಭೆಯಲ್ಲಿ ಗುಸುಗುಸು ಎದ್ದಿತು. ಹಿಂದಿನ ಸಾಲಿನಲ್ಲಿ ಯಾರೋ "ಹಾಗಾದ್ರೆ ವ್ಯಾನ್ ದಂಡ" ಎಂದದ್ದು ಎಲ್ಲರಿಗೂ ಕೇಳಿಸಿತು.

ಅಧ್ಯಕ್ಷೆ ಹುಬ್ಬು ಗಂಟಿಕ್ಕಿದರು. "ನಾನು ನಂಬಲ್ಲ. ಗುಡ್ಡದ ಬಡಾವಣೆ ಏನು ಗತಿಗೆಟ್ಟವರ ಬಡಾವಣೆ ಅಲ್ಲ. ಸಂಬಳ ಬರೋ ಮನೆಗಳು. ಎರಡು ಥರ ತಿಂದು ದಿನ ಕಳೀತಾರೆ ಅಂದ್ರೆ ಯಾರೋ ನಿಮಗೆ ಸುಳ್ಳು ಹೇಳಿದಾರೆ. ಕೇಳಿದ ತಕ್ಷಣ ಬಡತನ ಹೇಳೋದು ಜನಕ್ಕೆ ಅಭ್ಯಾಸ."

"ಆ ಎಪ್ಪತ್ತು ಮನೇಲಿ ಒಂದು ನನ್ನದು ಮೇಡಂ" ಎಂದರು ತಕ್ಕಡಿಯಕ್ಕ. "ಎರಡು ಸಂಬಳ ಬರುತ್ತೆ ನಮ್ಮನೆಗೆ. ಗುರುವಾರ ನನ್ನ ಸೊಸೆ ತಿಂದಿದ್ದು ಎರಡೇ ಥರ. ಹಾಲು ಕುಡಿಸೋ ತಾಯಿ. ಅವಳ ಎದುರಿಗೇ ಕೂತು ನಾನು ಐದು ಥರ ಉಂಡಿದೀನಿ. ಊರೆಲ್ಲಾ ತೂಗೋಳು ನಾನು, ನನಗೇ ಕಾಣಲಿಲ್ಲ. ಅವಳು ಸುಳ್ಳು ಹೇಳಲಿಲ್ಲ ಮೇಡಂ, ಬಡತನಾನೂ ಹೇಳಲಿಲ್ಲ. ಏನೂ ಹೇಳಲಿಲ್ಲ. ಅದಕ್ಕೇ ಕೇಳಬೇಕಾಗಿದ್ದು, ಅದೂ ಸರಿಯಾದ ದಿನ."

ಆಮೇಲೆ ಒಬ್ಬರು ಎದ್ದರು. ಸರಾಸರಿ ಸಾರ್! "ಸರಾಸರಿ ನೋಡಿದ್ರೆ ನಲವತ್ಮೂರೇ ಸರಿ ಮೇಡಂ" ಎಂದು ಪರದೆಯ ಮೇಲಿನ ಚಿತ್ರವನ್ನು ಆರಿಸಿದರು.

ಅಧ್ಯಕ್ಷೆ ತಕ್ಕಡಿಯಕ್ಕನ ಕೈಯಿಂದ ಏಳು ಅಂಕಿಗಳ ಕಾಗದ ತೆಗೆದುಕೊಂಡು ನೋಡಿದರು. "ವ್ಯಾನು ಸಂತೆ ದಿನಾನೇ ಯಾಕೆ ಹತ್ತಬೇಕು? ಡ್ರೈವರಿಗೆ ಬೇರೆ ದಿನ ಆಗಲ್ವಾ?"

"ಕೇಳಿದೆ ಮೇಡಂ. ಬುಧವಾರ, ಶುಕ್ರವಾರ ಸಗಟು ಮಳಿಗೆಯಿಂದ ತರ್ತಾನಂತೆ. ಇಷ್ಟು ದಿನ ಅವನನ್ನೂ ಯಾರೂ ಕೇಳಿರಲಿಲ್ಲ."

ಮುಂದಿನ ವಾರದಿಂದ ವ್ಯಾನು ಬುಧವಾರ ಮತ್ತು ಶುಕ್ರವಾರ ಗುಡ್ಡ ಹತ್ತಿತು. ಲೋಕದ ಪಟ್ಟಿಗೆ ಹೋದದ್ದು ನಲವತ್ಮೂರು. ಆರು ತಿಂಗಳ ಮೇಲೆ ಇನ್ನೊಮ್ಮೆ ಚೀಟಿ ಎತ್ತಿ, ವಾರದ ಏಳೂ ದಿನ ಕೇಳಿ ಕೂಡಿದಾಗ ಬಂದದ್ದು ಐವತ್ತೇಳು. ಗುರಿಗೆ ಇನ್ನೂ ಮೂರು ಕಡಿಮೆ. ಕಂಡಕ್ಟರು ಕಿವಿಯ ಪೆನ್ಸಿಲು ತೆಗೆದು, "ಒಂದು ಎರಡು ಮನೇಲಿ ಕೊತ್ತಂಬರಿ ಹದಿನಾಲ್ಕು ಗ್ರಾಂ ಇತ್ತಕ್ಕಾ" ಎಂದು ಕಣ್ಣು ಮಿಟುಕಿಸಿದರು. ತಕ್ಕಡಿಯಕ್ಕ ಅವರನ್ನು ನೋಡಿದ ನೋಟಕ್ಕೆ ಪೆನ್ಸಿಲು ಕಿವಿಗೆ ವಾಪಸಾಯಿತು. ಐವತ್ತೇಳು ಎಂದರೆ ಐವತ್ತೇಳು. ಈ ಐವತ್ತೇಳು ಅವರಿಗೆ ಆ ಅರವತ್ತೆಂಟಕ್ಕಿಂತ ಎಷ್ಟೋ ದೊಡ್ಡದಾಗಿ ಕಂಡಿತು. ಉಳಿದ ಮೂರೂ ಬರುತ್ತವೆ ಎಂಬ ಬಗ್ಗೆ ಅವರಿಗೆ ಎಳ್ಳಷ್ಟೂ ಅನುಮಾನವಿರಲಿಲ್ಲ.

ಈ ಸಲದ ಚೀಟಿಯಲ್ಲಿ ಅವರ ಮನೆ ಬೀಳಲಿಲ್ಲ. ಸೊಸೆ ಏನು ತಿಂದಳೆಂದು ಯಾವ ಫಾರಮ್ಮೂ ಹೇಳುವುದಿಲ್ಲ, ಯಾವ ಪಟ್ಟಿಯಲ್ಲೂ ಅದು ಬರುವುದಿಲ್ಲ. ಹಾಗಾಗಿ ತಕ್ಕಡಿಯಕ್ಕ ದಿನವೂ ಬಡಿಸುವ ಸೌಟನ್ನು ತಾವೇ ಹಿಡಿದು, ಮೊದಲು ಸೊಸೆಯ ತಟ್ಟೆಗೆ ಹಾಕಿ, ಅವಳ ಎದುರಿಗೆ ಕೂರುತ್ತಾರೆ.

"ಹೀಗೆ ನೋಡ್ತಾ ಕೂತ್ರೆ ಗಂಟಲಲ್ಲಿ ಇಳಿಯಲ್ಲ ಅತ್ತೆ" ಎಂದು ಅವಳು ಮೊದಮೊದಲು ಗೋಳಾಡಿದಳು.

"ನೀನು ತಿನ್ನು" ಎಂದರು ತಕ್ಕಡಿಯಕ್ಕ. "ಇಷ್ಟು ದಿನ ನೋಡದೇ ಇದ್ದಿದ್ದು ಸಾಕು."